ಕಾರಿನ ಬಣ್ಣದ ಲೇಪನ: ಪ್ರಮಾಣಪತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಲೇಪನ ತಯಾರಿಸುವ ಕಂಪನಿಯೊಂದರಿಂದ ಪ್ರಮಾಣಪತ್ರ ಪಡೆದಿರುವ ಕಾರ್ಯಾಗಾರದಲ್ಲಿ ನನ್ನ ಕಪ್ಪು ಬಣ್ಣದ ಕಾರಿಗೆ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ರಕ್ಷಣಾ ಲೇಪನ) ಮಾಡಿಸಿದೆ. ಕಾರನ್ನು ಕೈಗೊಪ್ಪಿಸಿದ ದಿನ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ನೇರ ಬಿಸಿಲಿನಲ್ಲಿ ನೋಡಿದಾಗ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಗೆರೆಗಳೂ, ಎಣ್ಣೆ ಸವರಿ ಬಿಟ್ಟಂಥ ತೇಪೆಗಳೂ ಕಂಡವು. ಕಾರ್ಯಾಗಾರದವರು, ನೀವು ತೊಳೆದ ಕ್ರಮವೇ ತಪ್ಪು ಎನ್ನುತ್ತಾರೆ. ಪ್ರಮಾಣಪತ್ರ ಇರುವವರೇ ಹೀಗಾದರೆ ಯಾರನ್ನು ನಂಬುವುದು?

ಉತ್ತರ: ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಅವನ್ನು ಬಿಡಿಸಿ ನೋಡಿದರೆ ಯಾರ ಹೊಣೆ ಎಷ್ಟು ಎಂಬುದು ಸ್ಪಷ್ಟವಾಗುತ್ತದೆ. ಎಣ್ಣೆ ಸವರಿದಂತೆ ಕಾಣುವ ತೇಪೆಗಳಿಗೆ ಈ ವೃತ್ತಿಯವರು ‘ಹೈ ಸ್ಪಾಟ್’ ಎನ್ನುತ್ತಾರೆ. ಸೆರಾಮಿಕ್ ದ್ರವವನ್ನು ಹಚ್ಚಿದ ಮೇಲೆ ಅದರೊಳಗಿನ ದ್ರಾವಕ ಆವಿಯಾಗಿ ಲೇಪನ ಬಿಗಿಯತೊಡಗುವ ಒಂದು ಘಟ್ಟವಿದೆ. ಹೆಚ್ಚಾಗಿ ಉಳಿದದ್ದನ್ನು ಆ ಹೊತ್ತಿನಲ್ಲೇ ಮೈಕ್ರೋಫೈಬರ್ ಬಟ್ಟೆಯಿಂದ ಸಮವಾಗಿ ಒರೆಸಿ ತೆಗೆಯಬೇಕು. ಗಾಳಿಯ ಶಾಖ ಮತ್ತು ತೇವಾಂಶ ಹೆಚ್ಚಿದಂತೆ ಆ ಘಟ್ಟ ಬೇಗ ಬರುತ್ತದೆ. ಕೈ ತಡವಾದರೆ ಅಥವಾ ಬೆಳಕು ಸಾಲದೆ ಕಣ್ಣು ತಪ್ಪಿದರೆ, ಒರೆಸದೆ ಉಳಿದ ದ್ರವ ಅಲ್ಲಿಯೇ ಗಟ್ಟಿಯಾಗಿ ತೇಪೆಯಾಗುತ್ತದೆ. ಎಂಥ ತಪ್ಪು ಕ್ರಮದಲ್ಲಿ ತೊಳೆದರೂ ಇಂಥ ತೇಪೆ ಮೂಡುವುದಿಲ್ಲ. ಆದ್ದರಿಂದ ಈ ಭಾಗದ ಹೊಣೆ ಲೇಪಿಸಿದವರದೇ.

ಗೆರೆಗಳ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು. ಬೆಳಕನ್ನು ಸರಿಸಿದಂತೆ ತಾವೂ ಸರಿಯುವ, ಒಂದೇ ದಿಕ್ಕಿನ ಬಾಗಿದ ಪಟ್ಟಿಗಳಂತೆ ಅವು ಕಂಡರೆ, ಪಾಲಿಶ್ ಯಂತ್ರ, ಅದರಲ್ಲೂ ರೋಟರಿ ಯಂತ್ರ, ಬಿಟ್ಟುಹೋದ ಗುರುತು ಎಂದು ತಿಳಿಯಬಹುದು. ದಿಕ್ಕು ದೆಸೆಯಿಲ್ಲದ ಸಣ್ಣ ಗೀರುಗಳಾಗಿದ್ದರೆ ಅವು ಮೊದಲೇ ಇದ್ದು, ಸರಿಯಾಗಿ ಪಾಲಿಶ್ ಆಗದೆ ಲೇಪನದ ಕೆಳಗೆ ಉಳಿದಿರಬಹುದು. ಇಲ್ಲವೇ ಮರಳಿನ ಕಣ ಸೇರಿದ ಬಟ್ಟೆ ಅಥವಾ ತಿರುಗುವ ಬ್ರಷ್‌ಗಳ ಯಂತ್ರದಿಂದ ಆಮೇಲೆ ಬಂದಿರಬಹುದು. ಕಾರನ್ನು ಬಿಟ್ಟುಕೊಡುವ ದಿನ ಒಂದು ಬಿಂದುವಿನಿಂದ ಬರುವ ಪ್ರಖರ ಬೆಳಕಿನಲ್ಲಿ ತೆಗೆದ ಚಿತ್ರಗಳಿದ್ದರೆ ಈ ವಿವಾದ ಅರ್ಧ ಗಳಿಗೆಯಲ್ಲಿ ಮುಗಿಯುತ್ತಿತ್ತು. ಟ್ಯೂಬ್‌ಲೈಟಿನ ಹರಡಿದ ಬೆಳಕು ಇಂಥ ಗೆರೆಗಳನ್ನು ಸುಲಭವಾಗಿ ಮರೆಮಾಡುತ್ತದೆ. ನಿಮ್ಮ ಕಾರು ಮೊದಲ ದಿನ ಕನ್ನಡಿಯಂತೆ ಕಂಡದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಇನ್ನು ಪ್ರಮಾಣಪತ್ರದ ಮಾತು. ಲೇಪನದ ಕಂಪನಿ ಕೊಡುವ ಪ್ರಮಾಣಪತ್ರ ಸಾಮಾನ್ಯವಾಗಿ ಒಂದೆರಡು ದಿನಗಳ ತರಬೇತಿಯ ಫಲ. ಆ ಕಂಪನಿಯ ದ್ರವವನ್ನು ಎಷ್ಟು ಹನಿ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು, ಹೇಗೆ ಒರೆಸಬೇಕು ಎಂಬುದನ್ನು ಅಲ್ಲಿ ಕಲಿಸುತ್ತಾರೆ. ಬಳಸುವ ದ್ರವ ಅಸಲಿ, ಅಂಗಡಿಯಲ್ಲಿ ಬಿಡಿಯಾಗಿ ಮಾರದ ದರ್ಜೆಯದು, ವಾರಂಟಿಯನ್ನು ನೋಂದಾಯಿಸುವ ಅಧಿಕಾರ ಇವರಿಗಿದೆ ಎಂಬ ಮೂರು ವಿಷಯಗಳಿಗೆ ಆ ಪತ್ರ ಸಾಕ್ಷಿಯಾಗಬಲ್ಲದು. ಇವು ಕಡಿಮೆ ಮಾತಲ್ಲ. ನಕಲಿ ದ್ರವದ ಭಯ ತಪ್ಪುವುದೇ ಒಂದು ನೆಮ್ಮದಿ. ಆದರೆ ಲೇಪನದ ಕೆಲಸದಲ್ಲಿ ಹೆಚ್ಚಿನ ಪಾಲು ಅದಕ್ಕೆ ಮುಂಚಿನ ಸಿದ್ಧತೆ. ಒಂದು ಕಂಪನಿಯ ಕಾರಿನ ಮೆದು ಬಣ್ಣಕ್ಕೂ ಇನ್ನೊಂದರ ಗಡಸು ಬಣ್ಣಕ್ಕೂ ಪಾಲಿಶ್ ಯಂತ್ರಕ್ಕೆ ಯಾವ ಪ್ಯಾಡ್, ಯಾವ ಕಾಂಪೌಂಡ್ (ಉಜ್ಜುವ ಲೇಪ), ಎಷ್ಟು ಒತ್ತಡ ಎಂಬ ತಿಳಿವಳಿಕೆ ವರ್ಷಗಟ್ಟಲೆ ಹಲವು ಕಾರುಗಳ ಮೇಲೆ ಕೈಯಾಡಿಸಿದವರಿಗೆ ಮಾತ್ರ ಬರುತ್ತದೆ. ಎರಡು ದಿನದ ತರಬೇತಿ ಅದನ್ನು ಕೊಡಲಾರದು. ಉತ್ಪನ್ನ ಮಾರದ, ಡೀಟೇಲಿಂಗ್ (ಕಾರನ್ನು ಶುಚಿಗೊಳಿಸಿ ಹೊಳಪು, ಲೇಪನ ಕೊಡುವ ಕೆಲಸ) ವೃತ್ತಿಸಂಘಗಳ ಪರೀಕ್ಷೆ ಬೇರೆ ಬಗೆಯದು. ಇಂಟರ್‌ನ್ಯಾಷನಲ್ ಡೀಟೇಲಿಂಗ್ ಅಸೋಸಿಯೇಷನ್ ತನ್ನ ಲಿಖಿತ ಪರೀಕ್ಷೆಗಳ ಜೊತೆಗೆ ಕೈಕೆಲಸವನ್ನು ಕಣ್ಣೆದುರು ಮಾಡಿ ತೋರಿಸುವ ಪ್ರತ್ಯೇಕ ಹಂತವನ್ನೂ ಇಟ್ಟಿದೆ. ಕಂಪನಿಯ ಪತ್ರ, ಸಂಘದ ಪತ್ರ ಈ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಎರಡನೆಯದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಇನ್ನೊಂದು ವಿಷಯವನ್ನೂ ಮರೆಯಬಾರದು: ಗೋಡೆಯ ಮೇಲಿರುವ ಪತ್ರ ಯಾರ ಹೆಸರಿನಲ್ಲಿದೆಯೋ ಅವರೇ ನಿಮ್ಮ ಕಾರನ್ನು ಮುಟ್ಟುತ್ತಾರೆಂಬ ಖಾತರಿಯಿಲ್ಲ. ಆ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು.

ಕೆಲಸ ಒಪ್ಪಿಸುವವರು ಒಂದೇ ಒಂದು ಷರತ್ತು ಹಾಕುವುದಾದರೆ ನಾನು ಸೂಚಿಸುವುದು ಇದನ್ನು: ಪಾಲಿಶ್ ಮುಗಿದು ಲೇಪನ ಇನ್ನೂ ಆರಂಭವಾಗದ ಹೊತ್ತಿಗೆ ತಮ್ಮನ್ನು ಕರೆಯಬೇಕು. ಒಳ್ಳೆಯ ಕಾರ್ಯಾಗಾರದಲ್ಲಿ ಕಾರನ್ನು ತೊಳೆದ ಮೇಲೆ, ಬಣ್ಣಕ್ಕೆ ಅಂಟಿದ ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ ಸಿಂಪಡಿಸುತ್ತಾರೆ. ಅದು ಕಣಗಳಿರುವಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಳಿಕ ಕ್ಲೇ ಎಂಬ ಜೇಡಿಯಂಥ ಮೆದು ಉಂಡೆಯಿಂದ ಉಜ್ಜಿ ಉಳಿದ ಕೊಳೆಯನ್ನು ಎತ್ತುತ್ತಾರೆ, ಬಣ್ಣದ ದಪ್ಪವನ್ನು ಅಳೆಯುತ್ತಾರೆ, ಪಾಲಿಶ್ ಮಾಡುತ್ತಾರೆ. ಪಾಲಿಶಿನಲ್ಲಿರುವ ಎಣ್ಣೆ ಸಣ್ಣ ಗೀರುಗಳೊಳಗೆ ತುಂಬಿಕೊಂಡು ಅವನ್ನು ಮುಚ್ಚಿಬಿಡುತ್ತದೆ; ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ದ್ರವದಿಂದ ಒರೆಸಿದಾಗಲೇ ಬಣ್ಣದ ನಿಜರೂಪ ಹೊರಬೀಳುತ್ತದೆ. ನೀವು ನೋಡಬೇಕಾದದ್ದು ಆ ಒರೆಸಿದ ಮೈಯನ್ನು. ಲೇಪನ ಪಾರದರ್ಶಕವಾದ್ದರಿಂದ ಅದರ ಕೆಳಗೆ ಏನಿದೆಯೋ ಅದೇ ವರ್ಷಗಟ್ಟಲೆ ಕಾಣುತ್ತಿರುತ್ತದೆ. ಈ ನಡುಹಂತದ ತಪಾಸಣೆಗೆ ಒಪ್ಪದವರ ಬಳಿ ಎಷ್ಟೇ ಪತ್ರಗಳಿದ್ದರೂ ಕಾರನ್ನು ಬಿಡಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ನಿಮ್ಮ ಕಾರಿಗೆ ಈಗ ಉಳಿದಿರುವ ದಾರಿಯೂ ಇದೆ. ಗಟ್ಟಿಯಾದ ತೇಪೆ ಒರೆಸಿದರೆ ಹೋಗುವುದಿಲ್ಲ; ಆ ಭಾಗವನ್ನು ಪಾಲಿಶ್ ಮಾಡಿ ಲೇಪನವನ್ನು ತೆಗೆದು ಮತ್ತೆ ಹಚ್ಚಬೇಕು. ಬಾನೆಟ್ಟನ್ನಷ್ಟೇ ಮರಳಿ ಮಾಡಿಕೊಡುವಂತೆ ಲಿಖಿತವಾಗಿ ಕೇಳಿ, ದಪ್ಪದ ಅಳತೆಯನ್ನು ಮೊದಲೂ ಆಮೇಲೂ ಬರೆಸಿಕೊಳ್ಳಿ. ಅವರು ಒಪ್ಪದಿದ್ದರೆ ಬಿಸಿಲಿನಲ್ಲಿ ತೆಗೆದ ಚಿತ್ರಗಳನ್ನೂ ವಾರಂಟಿಯ ನೋಂದಣಿ ಸಂಖ್ಯೆಯನ್ನೂ ಸೇರಿಸಿ, ಪ್ರಮಾಣಪತ್ರ ಕೊಟ್ಟ ಕಂಪನಿಗೇ ಬರೆಯಿರಿ. ತಾನು ಹೆಸರು ಕೊಟ್ಟವರ ಕೆಲಸಕ್ಕೆ ಉತ್ತರಿಸಬೇಕಾದ ಬಾಧ್ಯತೆ ಆ ಕಂಪನಿಗೂ ಇದೆ.

ಪ್ರಶ್ನೆ: ‘9ಎಚ್’ ಗಡಸುತನದ ಲೇಪನಕ್ಕೆ ಗೀರು ಬೀಳುವುದಿಲ್ಲ ಎಂದು ಹೇಳುತ್ತಾರೆ. ವಜ್ರದ ಗಡಸುತನ 10 ಎಂದು ಶಾಲೆಯಲ್ಲಿ ಓದಿದ ನೆನಪು. ಹಾಗಾದರೆ ಇದು ವಜ್ರಕ್ಕೆ ಸಮೀಪವೇ?

ಉತ್ತರ: ಇಲ್ಲ, ಇವೆರಡೂ ಬೇರೆ ಬೇರೆ ಅಳತೆಗಳು. ನೀವು ಓದಿದ್ದು ಖನಿಜಗಳ ಗಡಸುತನಕ್ಕಾಗಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪನ. ಅದರಲ್ಲಿ ವಜ್ರಕ್ಕೆ 10, ಕ್ವಾರ್ಟ್ಜ್‌ಗೆ 7. ಲೇಪನದ ‘9ಎಚ್’ ಬರುವುದು ಪೆನ್ಸಿಲ್ ಪರೀಕ್ಷೆಯಿಂದ. ನಾವು ಬರೆಯುವ ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣವಷ್ಟೆ. ಅದರ ಮೆದು, ಗಡಸು ದರ್ಜೆಗಳನ್ನು ಒಂದು ನಿಗದಿತ ಕೋನದಲ್ಲಿ ಲೇಪನದ ಮೇಲೆ ಒತ್ತಿ ದೂಡಿ, ಯಾವ ದರ್ಜೆಯವರೆಗೆ ಗುರುತು ಬೀಳುವುದಿಲ್ಲ ಎಂದು ನೋಡುವುದೇ ಆ ಪರೀಕ್ಷೆ. ರಸ್ತೆಯ ಧೂಳಿನಲ್ಲಿರುವ ಮರಳು ಬಹುಪಾಲು ಕ್ವಾರ್ಟ್ಜ್. ಅದು ಯಾವ ಪೆನ್ಸಿಲ್ಲಿಗಿಂತಲೂ ಬಹಳ ಗಡಸು. ಇದಲ್ಲದೆ, ಸೆರಾಮಿಕ್ ಲೇಪನದ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು ಎಂಬುದನ್ನು ನೆನೆದರೆ ಅದು ಎಷ್ಟು ತೆಳುವೆಂದು ಗೊತ್ತಾಗುತ್ತದೆ. ಲೇಪನದಿಂದ ಕೊಳೆ ಕಡಿಮೆ ಅಂಟುತ್ತದೆ, ತೊಳೆಯುವುದು ಹಗುರವಾಗುತ್ತದೆ, ರಾಸಾಯನಿಕಗಳನ್ನು ತಡೆಯುವ ಶಕ್ತಿ ಬರುತ್ತದೆ. ಈ ಲಾಭಗಳು ನಿಜವಾದವು, ಇಷ್ಟಕ್ಕಾಗಿಯೇ ಅದನ್ನು ಮಾಡಿಸುವುದು ಸರಿಯಾದ ನಿರ್ಧಾರ. ಗೀರೇ ಬೀಳದು ಎಂದು ಮಾತುಕೊಡುವವರು ಮಾತ್ರ ತಾವು ಮಾರುವ ವಸ್ತುವನ್ನೇ ಅರಿತಿಲ್ಲ, ಅಥವಾ ಅರಿತೂ ಹೇಳುತ್ತಿಲ್ಲ.

ಪ್ರಶ್ನೆ: ಚಿಕ್ಕ ಕಲ್ಲುಗಳು ಸಿಡಿದು ಬಣ್ಣ ಎದ್ದುಬರುವುದನ್ನು ಲೇಪನ ತಡೆಯುತ್ತದೆಯೇ?

ಉತ್ತರ: ತಡೆಯುವುದಿಲ್ಲ. ಅದಕ್ಕೆ ಪಾಲಿಯುರೆಥೇನ್‌ನಿಂದ ಮಾಡಿದ, ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪದ ರಕ್ಷಣಾ ಫಿಲ್ಮ್ ಬೇಕು. ಕಲ್ಲು ಬಡಿಯುವ ಮುಂಭಾಗಕ್ಕೆ ಫಿಲ್ಮ್ ಹಾಕಿಸಿ ಉಳಿದ ಕಡೆ ಲೇಪನ ಮಾಡಿಸುವುದು ಸಮಂಜಸ ಮಾರ್ಗ.

ಪ್ರಶ್ನೆ: ಲೇಪನಕ್ಕೆ ಹಲವು ವರ್ಷಗಳ ವಾರಂಟಿ ಕೊಟ್ಟಿದ್ದಾರೆ. ಆದರೆ ನೀರಿನ ಹನಿ ಒಣಗಿದ ಬಿಳಿ ಉಂಗುರಗಳು ಈಗಾಗಲೇ ಬಂದಿವೆ. ಇದು ವಾರಂಟಿಗೆ ಸೇರುವುದಿಲ್ಲವಂತೆ. ಇದು ನ್ಯಾಯವೇ?

ಉತ್ತರ: ನಿಮ್ಮ ಅಸಮಾಧಾನ ಸಹಜ, ಆದರೆ ಅವರ ಮಾತು ವಾರಂಟಿಯ ಷರತ್ತಿಗೆ ಅನುಗುಣವಾಗಿಯೇ ಇರುವ ಸಂಭವ ಹೆಚ್ಚು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುತ್ತವೆ. ಲೇಪನವಿರುವ ಮೈಮೇಲೆ ನೀರು ಹರಡದೆ ಉಬ್ಬಿದ ಹನಿಗಳಾಗಿ ನಿಲ್ಲುತ್ತದೆ. ನೋಡಲು ಚೆಂದವಾದ ಆ ಹನಿ ಬಿಸಿಲಿನಲ್ಲಿ ಒಣಗಿದಾಗ ಅದರ ಲವಣವೆಲ್ಲ ಪುಟ್ಟ ಜಾಗದಲ್ಲಿ ಉಂಗುರವಾಗಿ ಉಳಿಯುತ್ತದೆ. ಆದ್ದರಿಂದ ಲೇಪನವಾದ ಕಾರನ್ನು ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿ ಒಣಗಿಸಬೇಕಾದ ಅಗತ್ಯ ಕಡಿಮೆಯಾಗುವುದಿಲ್ಲ. ಉಂಗುರಗಳು ಹೊಸದಾಗಿದ್ದರೆ ಈ ಕೆಲಸಕ್ಕೆಂದೇ ಇರುವ ಸೌಮ್ಯ ಆಮ್ಲದ ದ್ರವದಿಂದ ಹೋಗುತ್ತವೆ. ಒಳಕ್ಕೆ ಕೊರೆದಿದ್ದರೆ ಪಾಲಿಶ್ ಬೇಕು. ಹಕ್ಕಿಯ ಹಿಕ್ಕೆಯನ್ನೂ ಹಾಗೆಯೇ ತಡಮಾಡದೆ ತೆಗೆಯಬೇಕು.

ಇದನ್ನು ಕೆಲಸಕ್ಕೆ ಮೊದಲೇ ಹೇಳದಿದ್ದದ್ದು ನಿಮ್ಮ ಕಾರ್ಯಾಗಾರದವರ ಲೋಪ, ಮತ್ತು ಅದನ್ನು ನಾನು ಸಣ್ಣ ಲೋಪವೆಂದು ಎಣಿಸುವುದಿಲ್ಲ. ಇಂಥ ವಾರಂಟಿಗಳು ಹೆಚ್ಚಾಗಿ ದ್ರವದ ದೋಷಕ್ಕೆ ಸೀಮಿತವಾಗಿರುತ್ತವೆ. ಗೀರು, ಕಲ್ಲೇಟು, ನೀರಿನ ಕಲೆ ಹೊರಗುಳಿಯುತ್ತವೆ. ವರ್ಷಕ್ಕೊಮ್ಮೆ ಅದೇ ಕಾರ್ಯಾಗಾರದಲ್ಲಿ ತಪಾಸಣೆ ಮಾಡಿಸದಿದ್ದರೆ ರದ್ದಾಗುವ ಷರತ್ತೂ ಇರುತ್ತದೆ. ಒಪ್ಪಿಕೊಂಡಾಗಲೂ ಸಿಗುವುದು ಮರುಲೇಪನ. ಮರುಲೇಪನಕ್ಕೆ ಬೇಕಾದ ಪಾಲಿಶಿನ ಖರ್ಚು ಯಾರದು, ಕಾರ್ಯಾಗಾರ ಮುಚ್ಚಿಹೋದರೆ ಹೊಣೆ ಯಾರದು ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರಹದಲ್ಲಿ ಪಡೆಯುವುದು ಒಳಿತು.

ಪ್ರಶ್ನೆ: ನನ್ನ ಕಾರು ಎಂಟು ವರ್ಷ ಹಳೆಯದು, ಒಂದು ಬಾಗಿಲಿಗೆ ಕಳೆದ ವಾರವಷ್ಟೇ ಹೊಸದಾಗಿ ಬಣ್ಣ ಹೊಡೆಸಿದ್ದೇನೆ. ಎಲ್ಲ ಗೀರುಗಳನ್ನೂ ಪೂರ್ತಿ ತೆಗೆದು ಲೇಪನ ಮಾಡಿಕೊಡುವುದಾಗಿ ಪ್ರಮಾಣೀಕೃತ ಡೀಟೇಲರ್ ಒಬ್ಬರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ‘ಎಲ್ಲ ಗೀರುಗಳನ್ನೂ’ ಎಂಬ ಮಾತು ನನಗೆ ಆತಂಕ ತರುತ್ತದೆ. ಕಾರ್ಖಾನೆಯಿಂದ ಬಂದ ಬಣ್ಣದ ಪದರಗಳೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತವೆ. ಅವುಗಳ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್. ಹೊಳಪನ್ನು ಕೊಡುವುದೂ, ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವುದೂ ಈ ಪದರವೇ. ಪ್ರತಿ ಪಾಲಿಶ್ ಇದರಿಂದ ಒಂದಿಷ್ಟನ್ನು ಸವೆಸುತ್ತದೆ, ಮತ್ತು ಸವೆದದ್ದು ಮರಳಿ ಬರುವುದಿಲ್ಲ. ಹಿಂದೆ ಎಷ್ಟು ಸಲ ಪಾಲಿಶ್ ಆಗಿದೆಯೆಂದು ತಿಳಿಯದ ಎಂಟು ವರ್ಷದ ಕಾರಿನಲ್ಲಿ ಆಳದ ಗೀರನ್ನು ಬೆನ್ನಟ್ಟಿ ಉಜ್ಜುವುದು ಅಪಾಯ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರನ್ನು ಅಂಚು ಮಸುಕಾಗುವಷ್ಟು ಮಾತ್ರ ತಿದ್ದಿ ಬಿಟ್ಟುಬಿಡಬೇಕು.

ಆ ಡೀಟೇಲರ್ ದಪ್ಪ ಅಳೆಯುವ ಸಾಧನವನ್ನು ಹಿಡಿದು ಪ್ರತಿ ಭಾಗದಲ್ಲೂ ಹಲವು ಕಡೆ ಅಳೆದು ಬರೆದುಕೊಂಡರೇ ಎಂದು ಗಮನಿಸಿ. ಸಾಮಾನ್ಯ ಸಾಧನ ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ತೋರಿಸುತ್ತದೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಈ ಮಿತಿಯನ್ನು ಅವರೇ ನಿಮಗೆ ತಿಳಿಸಿ, ಅಳತೆ ಕಡಿಮೆ ಬಂದ ಕಡೆ ‘ಇಲ್ಲಿ ಗೀರು ಉಳಿಯಲಿ’ ಎಂದು ಹೇಳಿದರೆ ಅಂಥವರಿಗೆ ಧೈರ್ಯವಾಗಿ ಕಾರು ಒಪ್ಪಿಸಬಹುದು.

ಬಾಗಿಲಿನ ವಿಷಯದಲ್ಲಿ ಅವಸರ ಬೇಡ. ಹೊಸ ಬಣ್ಣದೊಳಗಿನ ದ್ರಾವಕ ಪೂರ್ತಿ ಹೊರಹೋಗಲು ಕೆಲವು ವಾರಗಳು ಬೇಕು. ಬಣ್ಣ ಹೊಡೆದವರನ್ನು ಕೇಳಿ ಅವರು ಬಳಸಿದ ಬಣ್ಣಕ್ಕೆ ಹೇಳಿರುವ ಅವಧಿ ಮುಗಿದ ಮೇಲೆಯೇ ಅದರ ಮೇಲೆ ಲೇಪನ ಮಾಡಿಸಿ. ಉಳಿದ ಕಾರಿಗೂ ಅಲ್ಲಿಯವರೆಗೆ ಕಾಯುವುದರಿಂದ ನಷ್ಟವೇನೂ ಇಲ್ಲ, ಎಲ್ಲ ಭಾಗಗಳ ಕೆಲಸವೂ ಒಟ್ಟಿಗೆ ಆಗುತ್ತದೆ.