ನಂಪುಲಾಕ್ಕ ಬರೋದು ಅಂದಿಯಲ್ಲ ತಮ್ಮಾ, ಕೇಳು

ತಮ್ಮಾ, ನೀ ಸೇಡಂ ಕಡಿಯಾಂವ ಅಂತ ಓದಿ ಖುಷಿ ಆತು, ನಾ ಚಿತ್ತಾಪುರ ತಾಲ್ಲೂಕಿನಾಂವ. ನೀ ಕೇಳಿದ್ದು ನಾಕ್ ಮಾತು: ಮೊಝಾಂಬಿಕ್‌ನ ನಂಪುಲಾದಾಗ ತೊಗರಿ ಎಕ್ಸ್‌ಪೋರ್ಟ್ ಕಂಪನಿ ಕೆಲಸ ಬಂದದ ಬರ್ಲಾ ಬ್ಯಾಡಾ, ಊಟದ್ದು ಹ್ಯಾಂಗ, ಸೇಫ್ ಅದನಾ, ಮತ್ತ "ಪೋರ್ಚುಗೀಸರು ಬಿಟ್ ಹೋದ್ಮ್ಯಾಲ ಆ ದೇಶ ಹಾಳಾತು ಅಂತಾರಲ್ಲ, ಖರೇನಾ".

ಊಟದ ಚಿಂತಿ ಬಿಡು. ಜ್ವಾಳ ಸಿಗ್ತದ, ಇಲ್ಲಿ ಮಪೀರಾ ಅಂತಾರ, ಗಿರಣಿಗಿ ಹಾಕಿಸ್ಕೊಂಡ್ರ ರೊಟ್ಟಿ ಬಡಿಬಹುದು, ನಮ್ ಊರಿನಷ್ಟು ಬೆಳ್ಳಗ ಬರಂಗಿಲ್ಲ ಅಷ್ಟ. ಶೇಂಗಾ ಬೇಕಾದಷ್ಟು. ಮಾಟಾಪಾ ಅಂತ ಮರಗೆಣಸಿನ ಎಲಿ ಕುಟ್ಟಿ ಶೇಂಗಾ ಹಿಟ್ಟು ತೆಂಗಿನ ಹಾಲು ಹಾಕಿ ಮಾಡ್ತಾರ, ನೀ ಕಾಯಿಪಲ್ಲ್ಯಾ ತಿನ್ನಾಂವ ಇದ್ರ ಸೀಗಡಿ ಹಾಕಬ್ಯಾಡ ಅಂತ ಮೊದ್ಲ ಹೇಳು. ಜ್ವರ ಬಂದ್ರ ಅದೇ ದಿನ ಮಲೇರಿಯಾ ಟೆಸ್ಟ್. ಪಾಸ್‌ಪೋರ್ಟ್ ಯಾರ ಕೈಯಾಗೂ ಕೊಟ್ಟು ಕೂಡಬ್ಯಾಡ. ಸೇಫ್ ಅಂದ್ರ, ಉತ್ತರದ ಕಾಬೊ ದೆಲ್ಗಾದೊ ಕಡಿ 2017ರಿಂದ ಗಲಾಟಿ ಅದ, ಆ ಕಡಿ ಹೋಗಬ್ಯಾಡ. 2024ರ ಎಲೆಕ್ಷನ್ ಆದ್ಮ್ಯಾಲ ಊರೂರಿಗೆ ಗದ್ಲ ಆತು, ನಾವು ವಾರಗಟ್ಟಲೆ ಶಟರ್ ಎಳ್ಕೊಂಡು ಕೂತಿದ್ವಿ, ಈಗ ನಡದದ. ಪಗಾರ ನೀನ ಮಾತಾಡ್ಕೋ.

ಕೊನೀ ಮಾತಿಗಿ ಬರ್ತೀನಿ, ಯಾಕಂದ್ರ ನಾನೂ ಅದೇ ಮಾತು ಬಾಯಾಗ ಇಟ್ಕೊಂಡ ಬಂದಾಂವ.

ನಾ 2012ರಾಗ ಬಂದೆ, ಮೊದ್ಲ ರಾಜಧಾನಿ ಮಾಪುಟೊ. ಟ್ಯಾಕ್ಸಿಯಾಂವ ಸಾಲಾಗಿ ರೋಡ್ ಹೆಸರು ಹೇಳ್ಕೋತ ಹೊಂಟಿದ್ದ, ಕಾರ್ಲ್ ಮಾರ್ಕ್ಸ್, ಲೆನಿನ್, ಹೊ ಚಿ ಮಿನ್, ಆಮ್ಯಾಲ 25 ಸೆಪ್ಟೆಂಬರ್ ಅನ್ನೋ ರೋಡು, ನಂಗ ನಗು ಬಂತು, ಇದೇನ್ ಪಾರ್ಟಿ ಆಫೀಸಾ ಊರಾ ಅಂತ. ಆ 25 ಸೆಪ್ಟೆಂಬರ್ ಅಂದ್ರ 1964ರಾಗ ಸ್ವಾತಂತ್ರ್ಯಕ್ಕ ಹೋರಾಡಿದ ಫ್ರೆಲಿಮೊ ಪಾರ್ಟಿಯವರು ಪೋರ್ಚುಗೀಸರ ಮ್ಯಾಲ ಮೊದಲ ಗುಂಡು ಹಾರಿಸಿದ ದಿನ ಅಂತ ನಂಗೇನ್ ಗೊತ್ತು. ನಾ ನೋಡಿದ್ದು ರೈಲ್ವೆ ಸ್ಟೇಷನ್ನಿನ ದೊಡ್ಡ ಗುಮ್ಮಟ, ಹಳೇ ಬಂಗ್ಲೆ, ಅವುಗಳ ಉದುರಿದ ಗಿಲಾವ್. ನಂಪುಲಾಕ್ಕ ಬಂದ್ಮ್ಯಾಲ ಗೋಡೌನಿನ ಸ್ಟೋರ್‌ಕೀಪರ್ ಮುಂದ ಹರಕು ಮುರಕು ಪೋರ್ಚುಗೀಸಿನ್ಯಾಗ ಅಂದೂಬಿಟ್ಟೆ, ಅವ್ರು ಎಷ್ಟ್ ಚಂದ ಕಟ್ಟಿದ್ರು, ನೀವು ಉಳಿಸ್ಕೊಳ್ಳಲಿಲ್ಲಲ್ಲ ಅಂತ. ಅವ ಏನೂ ಅನ್ನಲಿಲ್ಲ. ಲೆಕ್ಕದ ಬುಕ್ ಮುಚ್ಚಿ ಚೀಲ ಎಣಸಲಿಕ್ಕ ಎದ್ದು ಹೋದ.

ತಮ್ಮಾ, 1975 ಜೂನ್ 25ಕ್ಕ ಫ್ರೆಲಿಮೊ ನಾಯಕ, ಇವ್ರ ಮೊದಲ ಅಧ್ಯಕ್ಷ ಸಮೋರಾ ಮಾಶೆಲ್ ಸ್ವಾತಂತ್ರ್ಯ ಘೋಷಣಾ ಮಾಡಿದಾಗ ಈ ದೇಶದಾಗ ನೂರಕ್ಕ 90ಕ್ಕೂ ಹೆಚ್ಚು ಮಂದಿಗ ಓದು ಬರಹ ಇರ್ಲಿಲ್ಲ, ನಾಕ್ನೂರು ವರ್ಷದ ಮ್ಯಾಲ ಇದ್ದು ಹೋದವ್ರು ಬಿಟ್ಟಿದ್ದು ಅದು. ಇಂಜಿನಿಯರ್, ಡಾಕ್ಟರ್, ಮೆಕ್ಯಾನಿಕ್ ಎಲ್ಲಾ ಅವ್ರೇ ಇದ್ರು, ಎರಡ್ ಮೂರ್ ವರ್ಷದಾಗ ಬಹುಪಾಲು ಗಂಟು ಕಟ್ಟಿ ಹೊಂಟ್ರು, ಹೋಗೋವಾಗ ಕಟ್ಟಡದ ಲಿಫ್ಟಿನ ಬಾವಿಗಿ ಸಿಮೆಂಟ್ ಸುರದ್ ಹೋದ್ರು ಅಂತ ಮಾಪುಟೊದಾಗ ಇನ್ನೂ ಹೇಳ್ತಾರ. ಹೊಸಾ ಸರ್ಕಾರನೂ ತಪ್ಪು ಮಾಡ್ತು, ಎಲ್ಲಾ ಸರ್ಕಾರದ್ದೇ ಮಾಡ್ತೀವಿ, ಹಳ್ಳಿ ಕಿತ್ತು ಒಂದ್ ಕಡಿ ಇಡ್ತೀವಿ ಅಂತ ಹೊಂಟ್ರು. ಅದರ ನಡುವ ರೆನಾಮೊ ಅನ್ನೋ ಗುಂಪಿನ ಬಂಡಾಯ, ಮೊದ್ಲ ರೊಡೇಶಿಯಾ, ಅಂದ್ರ ಈಗಿನ ಜಿಂಬಾಬ್ವೆ, ಆಮ್ಯಾಲ ದಕ್ಷಿಣ ಆಫ್ರಿಕಾದ ಬಿಳೇ ಸರ್ಕಾರ ಅದಕ್ಕ ದುಡ್ಡು ಬಂದೂಕು ಕೊಟ್ಟು ನಿಂತ್ವು. 1977ರಿಂದ 1992ರ ಅಕ್ಟೋಬರ್ 4ಕ್ಕ ರೋಮಿನಾಗ ಒಪ್ಪಂದ ಆಗೋತನ ಹತ್ತಿರ ಹತ್ತಿರ 10 ಲಕ್ಷ ಮಂದಿ ಸತ್ರು, ಗುಂಡಿಗಿಂತ ಹಸಿವಿಗೇ ಜಾಸ್ತಿ. ಸಮೋರಾ 1986ರಾಗ ವಿಮಾನ ಬಿದ್ದು ಹೋಗಿಬಿಟ್ಟಿದ್ದ. ಇವ್ರ ಬಾವುಟ ನೋಡು, ಎಕೆ 47, ಗುದ್ದಲಿ, ಪುಸ್ತಕ, ಮೂರೂ ಅವ. ಬಂದೂಕು ಯಾಕ್ರೀ ಅಂತ ನಗಬ್ಯಾಡ ಮತ್ತ, ನಾ ನಕ್ಕೀನಿ.

ನಮ್ಮವ್ರದ್ದೂ ಇದರಾಗ ಪಾಲು ಅದ. 1752ರ ತನ ಈ ಸೀಮಿ ಆಡಳಿತ ನಡೀತಿದ್ದದ್ದು ಗೋವಾದಿಂದ. 1961 ಡಿಸೆಂಬರದಾಗ ನಮ್ಮ ಮಿಲಿಟರಿ ಗೋವಾ ತಗೊಂಡಾಗ ಪೋರ್ಚುಗಲ್‌ನ ಸಾಲಜಾರ್ ಸರ್ಕಾರ ಆ ಸಿಟ್ಟು ಇಲ್ಲಿನ ಇಂಡಿಯಾ ಪಾಸ್‌ಪೋರ್ಟಿನವ್ರ ಮ್ಯಾಲ ತೀರಿಸ್ಕೊಂಡ್ತು, ಕ್ಯಾಂಪಿನ್ಯಾಗ ಹಾಕಿದ್ರು, ಅಂಗಡಿ ಜಪ್ತಿ ಮಾಡಿದ್ರು. ಹಂಗಂತ ಹಳ್ಳಿಯವ್ರಿಗ ನಾವೇನ್ ನೆಂಟರಲ್ಲ, ನಮಗ ಹಿಂದಿಂದ ಮೊನ್ಯೇ ಅಂತಾರ, ಒಳ್ಳೇ ಅರ್ಥದ ಮಾತಲ್ಲ ಅದು.

ಈಗ ನನ್ನ ಕಥಿ. 2016 ಜುಲೈದಾಗ ನಮ್ಮ ಪ್ರಧಾನಿ ಮಾಪುಟೊಕ್ಕ ಬಂದ್ರು, ತೊಗರಿ ಒಪ್ಪಂದಕ್ಕ ಸೈನ್ ಬಿತ್ತು, ಇಲ್ಲಿಂದ ಇಂಡಿಯಾಕ್ಕ ವರ್ಷಕ್ಕ 1 ಲಕ್ಷ ಟನ್ನಿಂದ ಶುರು ಮಾಡಿ 2020-21ಕ್ಕ 2 ಲಕ್ಷ ಟನ್. ನಾ ಜೀಪ್ ತಗೊಂಡು ಮಲೇಮಾ ಕಡಿ ಹಳ್ಳಿ ಹಳ್ಳಿ ತಿರುಗಿ ಬಿತ್ರಿ ಬಿತ್ರಿ ಅಂದೆ, ನಮ್ಮ ದೇಶ ಸೈನ್ ಮಾಡ್ಯಾದ, ನಾ ಜವಾಬ್ದಾರಿ ಅಂತ ಎದಿ ಮುಟ್ಕೊಂಡ ಹೇಳಿದೆ. ಅಲ್ಲಿ ಒಬ್ಬ ಮುದುಕ, ಪಪಾ ಅಂತೀವಿ ಹಿರೇರಿಗ, ಮೆಕ್ಕೆಜ್ವಾಳದ ಹೊಲ ಕಡಿಮಿ ಮಾಡಿ ತೊಗರಿ ಹಾಕಿದ. ಬೆಳಿ ಬಂತು, ಚಲೋನೂ ಬಂತು. 2017 ಆಗಸ್ಟ್‌ನ್ಯಾಗ ದೆಹಲಿಯವ್ರು ತೊಗರಿ ಆಮದಿಗಿ ಮಿತಿ ಹಾಕಿದ್ರು. ಒಪ್ಪಂದದ ಕೋಟಾ ಹೊರಗಿಟ್ಟಿದ್ರು ಖರೇ, ಆದ್ರ ಬೆಳದದ್ದೆಲ್ಲಾ ಅದರಾಗ ಎಲ್ಲಿ ಹಿಡೀತದ. ರೇಟು ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗ ಬಿತ್ತು, ನಮ್ಮ ಕಂಪನಿಯವ್ರು ಖರೀದಿ ನಿಲ್ಸು ಅಂದ್ರು.

ನಾ ಹೇಳಲಿಕ್ಕ ಹೋದೆ. ಮುದುಕ ಚೀಲ ಬಿಚ್ಚಿ ಒಂದ್ ಹಿಡಿ ತೊಗರಿ ನನ್ನ ಅಂಗೈಗಿ ಹಾಕಿದ, ನೋಡು ಹುಳ ಇಲ್ಲ, ಒಣಗ್ಯಾದ ಅಂತ. ಆಮ್ಯಾಲ ತನ್ನ ಅಂಗೈ ಚಾಚಿ ಹೇಳಿದ: ನಾ ಹುಡುಗ ಇದ್ದಾಗ ನಮ್ಮಪ್ಪಗ ಇಲ್ಲಿ ಹೊಡೀತಿದ್ರು, ತೂತಿನ ಕಟ್ಟಿಗಿ ಹಲಗಿಲೆ, ಹತ್ತಿ ಕಡಿಮಿ ಬಂದ್ರ. ತಿನ್ನೋ ಬೆಳಿ ಬಿಡಿಸಿ ಹತ್ತಿ ಹಾಕಿಸ್ತಿದ್ರು, ರೇಟು ಅವ್ರದ್ದೇ. ಅವ್ರು ಹೊಡದು ಬಿತ್ತಿಸಿದ್ರು, ನೀ ನಕ್ಕೋತ ಬಿತ್ತಿಸಿದಿ, ತಕ್ಕಡಿ ಮುಂದ ನಿಂತಾಗ ನಂಗ ಎರಡೂ ಒಂದೇ.

1938ರಿಂದ 1961ರ ತನ ಆ ಹತ್ತಿ ಕಾನೂನು ಇತ್ತು ಅಂತ ಆಮ್ಯಾಲ ತಿಳ್ಕೊಂಡೆ. ಆ ಹೊತ್ತಿಗಿ ನಾ ಬರೇ ಅಂಗೈಯಾಗಿನ ತೊಗರಿ ನೋಡ್ಕೋತ ನಿಂತಿದ್ದೆ. ಅದೇ ವರ್ಷ ಕಲಬುರಗಿದಾಗ ಬಂಪರ್ ಬೆಳಿ, ನಮ್ಮಣ್ಣ ಟ್ರ್ಯಾಕ್ಟರ್ ತಗೊಂಡು ಖರೀದಿ ಕೇಂದ್ರದ ಮುಂದ ನಾಕ್ ದಿನ ಪಾಳಿ ಹಚ್ಚಿದ್ದ, ಫೋನಿನ್ಯಾಗ ಅಂದ, ನೀ ಅಲ್ಲಿಂದ ತೊಗರಿ ಕಳಸ್ತಿ ನಮ್ ರೇಟ್ ಬೀಳ್ತದ, ಮತ್ತ ನೀನೇ ಮನಿಗಿ ದುಡ್ಡೂ ಕಳಸ್ತಿ, ಏನ್ ಅನ್ನಬೇಕೋ ನಿನಗ. ಆ ಕಡಿನೂ ಉತ್ತರ ಇಲ್ಲ, ಈ ಕಡಿನೂ ಇಲ್ಲ.

ಅದಕ್ಕ ತಮ್ಮಾ, ಬರೋದಿದ್ರ ಬಾ, ಬ್ಯಾಡ ಅನ್ನಂಗಿಲ್ಲ, ನನ್ನ ಎರಡ್ ಮನಿ ಇದರ ಮ್ಯಾಲೇ ಎದ್ದಾವ. ಆದ್ರ ಬಿತ್ತೋ ಟೈಮಿಗಿ ದೇಶದ ಹೆಸರಿನ ಮ್ಯಾಲ ಮಾತು ಕೊಡಬ್ಯಾಡ, ರೇಟು ಹೇಳೋದಿದ್ರ ಇವತ್ತಿನ ರೇಟು ಹೇಳಿ ಕೈಮ್ಯಾಲ ಮೆಟಿಕಾಲ್, ಅಂದ್ರ ಇಲ್ಲಿನ ದುಡ್ಡು, ಎಣಿಸು. ಪೋರ್ಚುಗೀಸ್ ಜೊತಿ ಮಖುವಾನೂ ನಾಕ್ ಮಾತು ಕಲಿ, ಇಲ್ಲಿ ಹಳ್ಳಿ ಭಾಷಾ ಅದು.

ಆ ಮುದುಕ ಈಗೂ ಬರ್ತಾನ, ಎಳ್ಳು ತರ್ತಾನ, ತೊಗರಿ ಹಾಕೋದು ಬಿಟ್ಟಾನ. ದುಡ್ಡು ಎರಡ್ ಸಲ ಎಣಿಸಿ ಕಿಸೇಕ್ಕ ಇಟ್ಕೊಂಡು, ಈ ವರ್ಷ ಇಂಡಿಯಾ ಏನಂತದ ಅಂತ ಕೇಳ್ತಾನ, ನಗ್ತಾನ. ಗೊತ್ತಿಲ್ಲ ಪಪಾ ಅಂತೀನಿ.

ಟಿಕೆಟ್ ಆದ್ರ ಹೇಳು, ಏರ್‌ಪೋರ್ಟಿಗಿ ನಾನೇ ಬರ್ತೀನಿ. ಬರೋವಾಗ ಮನ್ಯಾಗ ಕುಟ್ಟಿದ ಕೆಂಪ್ ಖಾರ ಒಂದ್ ಕಿಲೋ ತಗೊಂಡ ಬಾ, ಎರಡಾದ್ರೂ ನಡೀತದ.