ಕೈ ಗಟ್ಟಿ, ತಡೆ ಸಡಿಲ

"ಆಕ್ಸಿಡೆಂಟ್ ಆದ್ಮೇಲೆ ಕದಿಯೋದು ಕಲಿತಿದ್ದಾನೆ ಮೇಡಂ." ಈ ದೂರು ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಒಬ್ಬರು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ನೂಲು ತೆಗೆಯುವ ಕೆಲಸ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದರು. ಆಮೇಲೆ ಪಕ್ಕದವರ ಟೀ ಎತ್ತಿ ಕುಡಿಯೋದು, ಮಾರುಕಟ್ಟೆಯಲ್ಲಿ ಯಾರದೋ ರಾಶಿಯಿಂದ ರೇಷ್ಮೆಗೂಡು ತೆಗೆದು ಜೇಬಿಗೆ ಹಾಕೋದು ಶುರುವಾಯಿತು. ಬೈದರೆ ತಲೆ ತಗ್ಗಿಸುತ್ತಾರೆ. ಮರುದಿನ ಮತ್ತೆ ಅದೇ.

ಹೆಂಡತಿ ಇದನ್ನೆಲ್ಲ ಹೇಳುತ್ತಿರುವಾಗಲೇ ಗಂಡನ ಕೈ ನನ್ನ ಸ್ಟೇಪ್ಲರ್ ಕಡೆ ಹೋಯಿತು. ನನ್ನ ಟಿಪ್ಪಣಿ ಹಾಳೆಯನ್ನೇ ಎಳೆದುಕೊಂಡು ಸಾಲಾಗಿ ಪಿನ್ ಹೊಡೆದರು. ಜೊತೆಗೆ ಬಂದಿದ್ದ ಅವರ ಅಣ್ಣ ಕೈ ಮೇಲೆ ಒಂದೇಟು ಕೊಟ್ಟರು. "ಮುಟ್ಟಬಾರದು ಅಂತ ಗೊತ್ತಾಗಲ್ವೇನೋ?"

"ಗೊತ್ತಾಗತ್ತಣ್ಣ. ಗೊತ್ತಾಗೋ ಹೊತ್ತಿಗೆ ಕೈಯಲ್ಲಿರತ್ತೆ."

ನಾನು ಹೇಳಬೇಕಿದ್ದದ್ದನ್ನು ಅವರೇ ಹೇಳಿಬಿಟ್ಟರು. ಆದರೂ ಅಣ್ಣ ನಂಬಲಿಲ್ಲ, ನಾಟಕ ಅಂದರು. ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ನಾನು ಮೇಜನ್ನು ಒಂದು ಸಲ ತಟ್ಟಿದರೆ ನೀವು ಎರಡು ಸಲ, ನಾನು ಎರಡು ಸಲ ತಟ್ಟಿದರೆ ನೀವು ಒಂದೇ ಸಲ. ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದರು. ಮೊದಮೊದಲು ಸರಿ ಬಂತು. ಆಮೇಲೆ ನಾನು ಎರಡು ತಟ್ಟಿದರೆ ಅವರದೂ ಎರಡು. "ಒಂದು, ಒಂದು" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಎರಡು ತಟ್ಟಿದರು. ಇಷ್ಟರಿಂದಲೇ ರೋಗ ಇಂಥದ್ದು ಅನ್ನಲು ಬರೋದಿಲ್ಲ, ಅದು ನರರೋಗ ತಜ್ಞರ ಕೆಲಸ. ಅವರ ಹತ್ತಿರ ಕಳಿಸಿದೆ ಕೂಡ. ಈ ಪರೀಕ್ಷೆ ಮಾಡಿದ್ದು ಅಣ್ಣ ನೋಡಲಿ ಅಂತ.

ಕೈಗೆ ನೇರವಾಗಿ ಆದೇಶ ಕಳಿಸುವ ಭಾಗ ಮಿದುಳಿನ ನಡುನೆತ್ತಿಯ ಆಸುಪಾಸಿನಲ್ಲಿದೆ. ಇವರದು ಚೆನ್ನಾಗಿದೆ, ಅದಕ್ಕೇ ಕಡಿದ ಎಳೆಯನ್ನು ಈಗಲೂ ಸಲೀಸಾಗಿ ಸೇರಿಸುತ್ತಾರೆ. ಹಣೆಯ ಹಿಂದಿರುವುದು ಪ್ರೀಫ್ರಂಟಲ್ ಕಾರ್ಟೆಕ್ಸ್. ಈಗ ಏನು ಮಾಡಬೇಕು ಅನ್ನೋದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಬೇಡದ್ದನ್ನು ತಡೆಯೋದು ಅದರ ಕೆಲಸ. ಲೋಟ ಕಂಡರೆ ನಮ್ಮೆಲ್ಲರ ಮಿದುಳೂ ಹಿಡಿಯಲು ತಯಾರಾಗುತ್ತದೆ. ನಮಗೆ "ನಿನ್ನದಲ್ಲ" ಅನ್ನುವ ತಡೆ ಸಮಯಕ್ಕೆ ಬರುತ್ತದೆ, ಅಷ್ಟೇ. ಹಣೆಗೆ ಪೆಟ್ಟು ಬಿದ್ದಾಗ ಮಿದುಳಿನ ಮುಂಭಾಗ ತಲೆಬುರುಡೆಯ ಒರಟು ತಳಕ್ಕೆ ಉಜ್ಜಿ ಗಾಯವಾಗಬಹುದು. ಕಂಡದ್ದನ್ನೆಲ್ಲ ಎತ್ತಿ ಬಳಸುವ ಈ ನಡವಳಿಕೆಯನ್ನು ಫ್ರೆಂಚ್ ನರವೈದ್ಯ ಫ್ರಾನ್ಸ್ವಾ ಲೆರ್ಮಿತ್ 1983ರಲ್ಲೇ ವಿವರಿಸಿದ್ದರು.

ಬುದ್ಧಿ ಹೇಳೋದನ್ನು ಮೊದಲು ನಿಲ್ಲಿಸಿ ಅಂದೆ. ಬುದ್ಧಿ ಅವರಿಗಿದೆ. ಬದಲಿಗೆ ಕಣ್ಣೆದುರಿನ ಸಾಮಾನು ಕಡಿಮೆ ಮಾಡಿ. ಊಟಕ್ಕೆ ಅವರ ತಟ್ಟೆ, ಅವರ ಲೋಟ ಮಾತ್ರ ಇಡಿ. ಹೊರಗೆ ಹೋಗುವಾಗ ಕೈಯಲ್ಲಿ ಒಂದು ಚೀಲ ಇರಲಿ. ಕೈ ಚಾಚಿದರೆ ಹೊಡೆಯಬೇಡಿ, ಸುಮ್ನೆ ಆ ವಸ್ತುವನ್ನು ಪಕ್ಕಕ್ಕಿಡಿ. ಮಾರುಕಟ್ಟೆಯಲ್ಲಿ ಗುರುತಿನವರಿಗೆ ವಿಷಯ ತಿಳಿಸಿ, ಆದರೆ ಮೊದಲು ಇವರನ್ನೇ ಕೇಳಿ, ಇವರು ಒಪ್ಪಿದ ಮೇಲೆ.

ಕಳ್ಳತನಕ್ಕೆ ನೀವು ನೆಪ ಹುಡುಕಿಕೊಡ್ತೀರಿ ಅಂತ ಕೆಲವರು ನನ್ನನ್ನು ಆಡಿಕೊಂಡಿದ್ದುಂಟು. ಕದಿಯುವವನು ಯಾರೂ ಇಲ್ಲದ ಹೊತ್ತು ನೋಡುತ್ತಾನೆ. ಇವರು ಎಲ್ಲರ ಎದುರಿಗೇ ತೆಗೆಯುತ್ತಾರೆ. ಈ ಒಂದು ವ್ಯತ್ಯಾಸ ಸಾಕಲ್ವಾ?

ಒಂದು ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಕೀ ಕಂಡರೆ ಇವರು ಬೈಕ್ ಹತ್ತಿ ಹೊರಟುಬಿಡುತ್ತಾರೆ. ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆದಿಡಿ ಅಂದೆ. "ಗಂಡಸಿನ ಕೈಯಿಂದ ಗಾಡಿ ಕಿತ್ಕೊಂಡ್ರೆ ಊರಲ್ಲಿ ಏನಂತಾರೆ?" ಅಂತ ಅಣ್ಣ ಗೊಣಗಿದರು. ಹೆಂಡತಿ ಉತ್ತರ ಕೊಡಲಿಲ್ಲ, ಕೀ ಆಗಲೇ ಅವರ ಪರ್ಸಿನಲ್ಲಿತ್ತು.