ಅಜ್ಜನ ಹಳೆಯ ಕನ್ನಡ ಫೈಲ್ ಮೊಬೈಲಿನಲ್ಲಿ ಓದಲು
ಅಜ್ಜನ ಹಳೆಯ ಫೈಲ್ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಗುರುತು ಬರುತ್ತಿದೆಯೇ? ಫೈಲ್ ಹಾಳಾಗಿಲ್ಲ, ಅದು ಯುನಿಕೋಡ್ (ಈಗ ಎಲ್ಲ ಮೊಬೈಲ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲ ಅಷ್ಟೇ. ಬದಿಯಡ್ಕದಲ್ಲಿ ನಿಮ್ಮ ಅಜ್ಜ 2004ರಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನ ಪ್ರಸಂಗದಲ್ಲಿ ಈಗ ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದರೆ ಹೆಚ್ಚಾಗಿ ನುಡಿ ಅಥವಾ ಬರಹ ಫಾಂಟ್. ಆಗೆಲ್ಲ ಕಡತದ ಜೊತೆ ಫಾಂಟನ್ನೂ ಕಳಿಸುತ್ತಿದ್ದೆವು. ಎಲ್ಲರ ಕೈಗೆ ಮೊಬೈಲ್ ಬಂದ ಮೇಲೆ ಆ ಪದ್ಧತಿ ಹೋಯಿತು.

ಮೊದಲು ಒಂದು ಕಾಪಿ ತೆಗೆದಿಡಿ. ಕಂಪ್ಯೂಟರಿನಲ್ಲಿ ತೆರೆದು ಫಾಂಟ್ ಹೆಸರು ನೋಡಿ. ನುಡಿ ಅಥವಾ ಬಿಆರ್‌ಎಚ್ (ಬರಹದ ಫಾಂಟುಗಳ ಹೆಸರು) ಅಂತಿದ್ದರೆ ಒಂದೇ ಪುಟವನ್ನು, ಹಳೆಯ ಫಾಂಟಿನ ಅಕ್ಷರವನ್ನು ಯುನಿಕೋಡ್‌ಗೆ ಬದಲಿಸುವ ಆಸ್ಕಿ-ಯುನಿಕೋಡ್ ಕನ್ವರ್ಟರ್‌ಗೆ ಹಾಕಿ. ಶ್ರೀಲಿಪಿ ಎಂಬ ಇನ್ನೊಂದು ಬಗೆಯ ಫಾಂಟ್ ಆದರೆ ಅದಕ್ಕೆ ಬೇರೆಯೇ ಕನ್ವರ್ಟರ್ ಬೇಕು, ಇದರಲ್ಲಿ ಹಾಕಿದರೆ ಸುಮ್ನೆ ಕಲಸುಮೇಲೋಗರ. ಬದಲಿಸಿದ ಮೇಲೆ ಅರ್ಕಾವತ್ತು ಜಾಗ ತಪ್ಪಬಹುದು. ‘ಕರ್ಣ’, ‘ಧರ್ಮರಾಯ’ ಹುಡುಕಿ ನೋಡಿ, ಯಕ್ಷಗಾನದಲ್ಲಿ ಅವರಿಗೇನು ಬರವಿಲ್ಲ ಅಲ್ವಾ! ಸರಿ ಬಂದರೆ ಉಳಿದ ಪುಟಗಳನ್ನೂ ಹಾಕಿ.